ತಂತಿಯಿಲ್ಲದ ನಂಟು

ನಾವು ಸರಕಾರಿ ಕಚೇರಿಯೊಂದರ ಗುಮಾಸ್ತರು. ಬಿ.ಎ. ಮುಗಿಸಿ ಈ ಕುರ್ಚಿಯಲ್ಲಿ ಕುಳಿತು ಹನ್ನೊಂದು ವರ್ಷಗಳಾದುವು. ಈ ಅವಧಿಯಲ್ಲಿ ನಾವು ಗಳಿಸಿದ ಆಸ್ತಿ ಹೇಳಿಕೊಳ್ಳುವಂಥದೇನೂ ಅಲ್ಲ. ಆದರೆ ಒಂದು ಹೆಮ್ಮೆ ಮಾತ್ರ ನಮಗಿತ್ತು. ನಮ್ಮ ಮೇಜಿನ ಮೇಲೆ ಬಂದ ಯಾವ ಕಾಗದವನ್ನೂ ನಾವು ಪೂರ್ತಿ ಓದದೆ ಮುಂದಕ್ಕೆ ಸರಿಸಿದವರಲ್ಲ. ಅರ್ಜಿಯಲ್ಲಿ ಒಂದು ರುಜು ಕಡಮೆಯಾಗಿದ್ದರೆ, ಒಂದು ದಿನಾಂಕ ಅಳಿಸಿಹೋಗಿದ್ದರೆ, ಅದನ್ನು ಹಿಂದಕ್ಕೆ ಕಳುಹಿಸಿದವರೇ. “ಏನು ಬರೆದಿದೆ ಎಂದು ನೋಡದೆ ರುಜು ಹಾಕುವುದೂ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಾವಿಯ ಕಟ್ಟೆಯ ಮೇಲೆ ನಡೆಯುವುದೂ ಒಂದೇ” ಎಂದು ಬಡ ಅರ್ಜಿದಾರರಿಗೆ ಉಪದೇಶ ಮಾಡಿದವರೂ ಹೌದು. ಅಂಥ ನಮ್ಮ ಹೆಮ್ಮೆಯು 2024ರ ಮಳೆಗಾಲದಲ್ಲಿ ಒಂದು ಕಂಪ್ಯೂಟರಿನ ದೆಸೆಯಿಂದ ಮಣ್ಣುಗೂಡಿತು. ಅದರ ಕಥೆಯನ್ನು ಸಂಘದ ಬಂಧುಗಳ ಮುಂದೆ ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರಾದೀತೆಂದು ಈ ನಾಲ್ಕು ಮಾತು.

ನಾವಿರುವುದು ಇಂದಾಪುರದಲ್ಲಿ. ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಪುಣೆ ಜಿಲ್ಲೆ ಮುಗಿಯುತ್ತ ಬಂತು ಎನ್ನುವಾಗ ಸಿಗುವ ತಾಲ್ಲೂಕಿನ ಊರು ಇದು. ಶಿವಾಜಿ ಮಹಾರಾಜರ ಅಜ್ಜ ಮಾಲೋಜಿರಾಜರ ಹೆಸರಿನೊಡನೆ ಹೆಣೆದುಕೊಂಡ ಊರು. ಆಷಾಢ ಬಂತೆಂದರೆ ದೇಹುವಿನಿಂದ ಪಂಢರಪುರಕ್ಕೆ ಹೊರಟ ತುಕಾರಾಮ ಮಹಾರಾಜರ ಪಾಲಖಿ ಇಲ್ಲಿ ಬಂದು ತಂಗುತ್ತದೆ. ಸುತ್ತಲೂ ಕಬ್ಬು, ದಾಳಿಂಬೆ. ಮಗ್ಗುಲಲ್ಲಿ ಭೀಮಾ ನದಿಗೆ ಕಟ್ಟಿದ ಉಜನಿ ಆಣೆಕಟ್ಟಿನ ಹಿನ್ನೀರು. ನಮ್ಮ ಹುಟ್ಟೂರೂ ಇದೇ ಭೀಮೆಯ ದಂಡೆಯದೇ. ಆದರೆ ಬಹಳ ಕೆಳಗೆ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ. ಉಜನಿಯಲ್ಲಿ ಬಿಟ್ಟ ನೀರು ಸೊಲ್ಲಾಪುರ ಜಿಲ್ಲೆಯನ್ನು ದಾಟಿ ನಮ್ಮ ಅವ್ವ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಮುಟ್ಟುತ್ತದೆ. ನೀರಿಗೆ ಹೋಗಲು ಯಾರ ಅಪ್ಪಣೆಯೂ ಬೇಡ. ನಾವು ಹೋಗಬೇಕಾದರೆ ಮಾತ್ರ ರಜೆಯ ಅರ್ಜಿ ಬರೆಯಬೇಕು. ಬರೆದ ಅರ್ಜಿ ಮಂಜೂರಾಗಬೇಕು.

ನಮಗೊಬ್ಬನೇ ಚಿರಂಜೀವಿ. ಎಂಟು ವರ್ಷದವನು, ಇಲ್ಲಿಯ ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆ. ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ. ಆದರೆ ಅಕ್ಷರವೆಂದರೆ ಅವನಿಗೆ ದೇವನಾಗರಿಯೇ. ಪರಸ್ಥಳದಲ್ಲಿರುವ ವಾಚಕರಿಗೆ ಈ ಸಂಕಟವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ನಾವೇ ಕಲಿಸೋಣವೆಂದು ಎರಡು ಸಲ ಹೊರಟೆವು. ಕಚೇರಿಯಿಂದ ದಣಿದು ಬಂದ ತಂದೆ ಕಲಿಸುವ ಪಾಠ ಎರಡನೆಯ ದಿನವೇ ಬೈಗುಳವಾಗುತ್ತದೆ. ಕಡೆಗೆ ಈ ಭಾರವನ್ನು ಹೊತ್ತವಳು ಊರಿನಲ್ಲಿದ್ದ ನಮ್ಮ ಅವ್ವ. ಅವಳನ್ನು ಮೊಮ್ಮಗ ಕರೆಯುವುದು ‘ಆಯಿ’ ಎಂದು. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. “ನಮ್ಮ ಆಯಿ ಊರಲ್ಲಿದ್ದಾಳೆ” ಎಂದು ಶಾಲೆಯಲ್ಲಿ ಹೇಳಿ, ‘ಪಾಪ, ಈ ಹುಡುಗನ ತಾಯಿ ಮನೆಯಲ್ಲಿಲ್ಲ’ ಎಂದು ಮಾಸ್ತರರು ಮರುಗುವಂತೆ ಮಾಡಿದ್ದ!

ಪಾಠ ನಡೆಯುತ್ತಿದ್ದುದು ಕಂಪ್ಯೂಟರಿನ ಮುಖಾಂತರ. ಇಲಾಖೆಯ ಪರೀಕ್ಷೆಗೆ ಓದುವ ನೆವದಿಂದ 2020ರಲ್ಲಿ ಕೊಂಡ ಮೇಜಿನ ಕಂಪ್ಯೂಟರು ಅದು. ಪರೀಕ್ಷೆ ಇನ್ನೂ ಪಾಸಾಗಿಲ್ಲವೆಂಬುದು ಬೇರೆ ಮಾತು. ಸಂಜೆ ಏಳು ಗಂಟೆಗೆ ಅತ್ತ ಊರಿನಲ್ಲಿ ನಮ್ಮ ಅಣ್ಣನ ಮಗಳು ತನ್ನ ಕಾಲೇಜಿನ ಟ್ಯಾಬ್ಲೆಟ್ಟನ್ನು ಗೋಡೆಗೆ ಆನಿಸಿ ನಿಲ್ಲಿಸುವಳು. ಅವ್ವ ಪಾಟಿ ಬಳಪ ಹಿಡಿದು ಅದರ ಮುಂದೆ ಕೂಡುವಳು. ಇತ್ತ ದೊಡ್ಡ ಪರದೆಯ ಮೇಲೆ ಅವಳು ಬರೆದ ಅಕ್ಷರ ಅಂಗೈ ಅಗಲ ಕಾಣುವುದು. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅವ್ವ ಒಂದೇ ವರ್ಷದಲ್ಲಿ ವರ್ಣಮಾಲೆ, ಕಾಗುಣಿತ ಎರಡನ್ನೂ ದಾಟಿಸಿದ್ದಳು. ಉಳಿದದ್ದು ಒತ್ತಕ್ಷರ. ದೇವನಾಗರಿಯಲ್ಲಿ ಕೂಡಕ್ಷರಗಳು ಹೆಚ್ಚಾಗಿ ಒಂದರ ಮಗ್ಗುಲಿಗೆ ಒಂದು ಅಂಟಿಕೊಂಡು ಕೂಡುತ್ತವೆ. ನಮ್ಮಲ್ಲಿ ಎರಡನೆಯದು ಮೊದಲನೆಯದರ ಕಾಲ ಬುಡಕ್ಕೆ ಹೋಗಿ ಕೂಡುತ್ತದೆ. ಹುಡುಗನಿಗೆ ಅದು ವಿಚಿತ್ರ. ‘ಆಯಿ’ ಎಂದು ಬರೆಯಬಲ್ಲ. ‘ಅವ್ವ’ ಎಂದು ಬರೆಯಲಾರ. “ನಾಳೆ ಅವ್ವ ಅಂತ ಬರಿಯೂದು ಕಲಸ್ತೀನಿ” ಎಂದು ಅಜ್ಜಿ ಹೇಳಿ ಮುಗಿಸಿದ ರಾತ್ರಿಯೇ ಇಂದಾಪುರದಲ್ಲಿ ಗುಡುಗು ಮಿಂಚಿನ ಮಳೆ ಬಂತು. ಪ್ಲಗ್ಗು ಕಿತ್ತಿಡುವ ಬುದ್ಧಿ ನಮಗೆ ಬರಲಿಲ್ಲ. ಬೆಳಗಾಗೆದ್ದು ಗುಂಡಿ ಒತ್ತಿದರೆ ಯಂತ್ರ ತುಟಿ ಪಿಟ್ಟೆನ್ನಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದುರಸ್ತಿಯ ಅಂಗಡಿಯೊಂದಿದೆ. ಅಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗನೊಬ್ಬ ಕೆಲಸಕ್ಕಿದ್ದ. ಪೆಟ್ಟಿಗೆ ಬಿಚ್ಚಿ ನೋಡಿ, ಮದರ್‌ಬೋರ್ಡು ಸುಟ್ಟಿದೆ ಎಂದ. ಮದರ್‌ಬೋರ್ಡು ಎಂದರೆ ಉಳಿದೆಲ್ಲ ಭಾಗಗಳೂ ಬಂದು ನೆಟ್ಟುಕೊಳ್ಳುವ ತಾಯಿಹಲಗೆ. ಆ ಮಾದರಿ ಈಗ ಬರುವುದಿಲ್ಲ, ಹಳೆಯ ಪ್ರೊಸೆಸರು ಕೂಡುವಂಥ ಬೇರೆ ಹಲಗೆಯೊಂದು ಇದೆ, 4,200 ರೂಪಾಯಿ ಎಂದ. ಪಾಲಖಿ ಊರಿಗೆ ಬರುವ ವಾರ. ಬೀದಿ ತುಂಬ ವಾರಕರಿಗಳ ಗದ್ದಲ. ನಮಗೆ ಕಚೇರಿಗೆ ಹೊತ್ತಾಗಿತ್ತು. ಅವನು ಮುಂದಿಟ್ಟ ಬಿಲ್ಲಿಗೆ ರುಜು ಹಾಕಿ ಹಣ ಕೊಟ್ಟೆವು. ಸಂಜೆ ಯಂತ್ರವನ್ನೂ, ಹಳೆಯ ಹಲಗೆಯನ್ನು ಇಟ್ಟು ಮುಚ್ಚಿದ ಒಂದು ರಟ್ಟಿನ ಡಬ್ಬಿಯನ್ನೂ ತಂದೆವು. ಡಬ್ಬಿ ಕಪಾಟಿನ ತಲೆಯ ಮೇಲೆ ಹೋಯಿತು.

ಗುಂಡಿ ಒತ್ತಿದೊಡನೆ ಯಂತ್ರಕ್ಕೆ ಜೀವ ಬಂತು. ಹಳೆಯ ಕಾಗದಗಳು, ಫೋಟೋಗಳು, ಹಾಡುಗಳು ಎಲ್ಲವೂ ಇದ್ದಲ್ಲೇ ಇದ್ದುವು. ಆದರೆ ಪರದೆಯ ಬಲದ ಮೂಲೆಯಲ್ಲಿ ಬೀಸಣಿಗೆಯಂತೆ ಕಾಣುತ್ತಿದ್ದ ವೈಫೈ ಗುರುತು ಮಾತ್ರ ಇರಲಿಲ್ಲ. ಅದರ ಸ್ಥಳದಲ್ಲಿ ಒಂದು ಗೋಲ ಕುಳಿತು ನಮ್ಮನ್ನು ನೋಡುತ್ತಿತ್ತು. ಇಂಟರ್‌ನೆಟ್ಟು ಇಲ್ಲ. ಏಳು ಗಂಟೆಗೆ ಅವ್ವ ಪಾಟಿ ಹಿಡಿದು ಕಾದು ಕುಳಿತಳು. ಇತ್ತ ಹುಡುಗ ಕಪ್ಪು ಪರದೆಯ ಮುಂದೆ ಕುಳಿತ.

ಕಚೇರಿಯಲ್ಲಿ ಕಂಪ್ಯೂಟರು ಬಲ್ಲ ಗೆಳೆಯರೊಬ್ಬರಿದ್ದಾರೆ. ಅವರು ಎರಡು ಪರೀಕ್ಷೆಗಳನ್ನು ಹೇಳಿಕೊಟ್ಟರು. ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ. ಮೊದಲನೆಯದು: ಅದೇ ವೈಫೈಗೆ ಮನೆಯ ಮೊಬೈಲು ಹತ್ತುತ್ತದೆಯೇ ನೋಡುವುದು. ಯಾವುದೂ ಹತ್ತದಿದ್ದರೆ ದೋಷ ರೌಟರಿನದು ಅಥವಾ ಹೊರಗಿನ ಕೇಬಲ್ಲಿನದು; ಮೊಬೈಲು ಹತ್ತಿ ಕಂಪ್ಯೂಟರು ಮಾತ್ರ ಹತ್ತದಿದ್ದರೆ ದೋಷ ಹೆಚ್ಚಾಗಿ ಕಂಪ್ಯೂಟರಿನದು. ಎರಡನೆಯದು: ಕಂಪ್ಯೂಟರಿನಲ್ಲಿ ‘ಡಿವೈಸ್ ಮ್ಯಾನೇಜರ್’ ಎಂಬ ಪಟ್ಟಿಯನ್ನು ತೆರೆದು, ‘ನೆಟ್‌ವರ್ಕ್ ಅಡಾಪ್ಟರ್ಸ್’ ಎಂಬಲ್ಲಿ ವೈಫೈ ಸಾಧನದ ಹೆಸರಿದೆಯೇ ನೋಡುವುದು. ಹೆಸರಿದ್ದು ಹಳದಿ ಗುರುತು ಬಿದ್ದಿದ್ದರೆ ಸಾಧನವಿದೆ, ಅದನ್ನು ನಡೆಸುವ ‘ಡ್ರೈವರ್’ ಎಂಬ ತಂತ್ರಾಂಶ ಹೆಚ್ಚಾಗಿ ಸರಿಯಿಲ್ಲ ಎಂದು ತಿಳಿಯಬೇಕು. ಹೆಸರೇ ಇಲ್ಲದಿದ್ದರೆ ಬಹುಮಟ್ಟಿಗೆ ಸಾಧನವೇ ಇಲ್ಲ.

ನಮ್ಮ ಮೊಬೈಲು ವೈಫೈಗೆ ಸುಖವಾಗಿ ಹತ್ತಿತು. ಕಂಪ್ಯೂಟರಿನ ಪಟ್ಟಿಯಲ್ಲಿ ತಂತಿ ಚುಚ್ಚುವ ಸಾಧನದ ಹೆಸರಿತ್ತು, ವೈಫೈಯ ಹೆಸರಿರಲಿಲ್ಲ. ಇಷ್ಟು ಸಾಕ್ಷ್ಯ ಕೈಗೆ ಬಂದಮೇಲೆ ಗುಮಾಸ್ತನ ಬುದ್ಧಿ ಸುಮ್ಮನಿದ್ದೀತೆ? ಅಂಗಡಿಗೆ ಹೋಗುವಾಗ ವೈಫೈ ಇತ್ತು, ಅಂಗಡಿಯಿಂದ ಬರುವಾಗ ಇಲ್ಲ. ಆದುದರಿಂದ ಅದು ಅಂಗಡಿಯಲ್ಲಿಯೇ ಉಳಿದಿದೆ. ಆ ಹುಡುಗ ಅದನ್ನು ಕಿತ್ತುಕೊಂಡಿದ್ದಾನೆ! ಕಡತದಲ್ಲಿ ಇಷ್ಟು ಚೊಕ್ಕಟವಾದ ಟಿಪ್ಪಣಿಯನ್ನು ನಾವು ಎಂದೂ ಬರೆದಿರಲಿಲ್ಲ.

ಆ ಸಂಜೆಯೇ ಮನೆಯವಳನ್ನು ಕರೆದುಕೊಂಡು ಅಂಗಡಿಗೆ ಹೋದೆವು. ಹುಡುಗ ಬಗ್ಗಿ ಒಂದು ಪ್ರಿಂಟರಿನ ಹೊಟ್ಟೆಯಲ್ಲಿ ಕೈಯಿಟ್ಟಿದ್ದ. ಮರಾಠಿಯಲ್ಲಿ ನಾವು, ವೈಫೈ ಏನಾಯಿತು ಎಂದು ಗತ್ತಿನಿಂದ ಕೇಳಿದೆವು. ಅವನು ಉತ್ತರ ಹೇಳುವ ಮೊದಲೇ, ಅಲ್ಲಿ ಯಾರಿಗೆ ತಿಳಿಯುತ್ತದೆಂಬ ಧೈರ್ಯದಿಂದ ಮನೆಯವಳ ಕಡೆ ತಿರುಗಿ ಕನ್ನಡದಲ್ಲಿ ಅಂದೆವು: “ಮಾರಿ ನೋಡಿದ್ರ ತಿಳಿಯೂದಿಲ್ಲೇನು? ಕಳ್ಳ ಇದ್ದಾನ. ನಮ್ಮ ಸಾಮಾನು ಕಿತ್ತು ಇನ್ನೊಬ್ಬರಿಗೆ ಮಾರ್ಯಾನ.”

ಪರಸ್ಥಳದಲ್ಲಿರುವ ನಮ್ಮಂಥವರಿಗೆ ಇದೊಂದು ದುರಭ್ಯಾಸ. ಬಸ್ಸಿನಲ್ಲಿ, ಸಂತೆಯಲ್ಲಿ, ನೆರೆಯವರ ಮದುವೆಯಲ್ಲಿ ನಮ್ಮ ಭಾಷೆಯನ್ನು ನಾವು ಮರೆಯ ಗೋಡೆಯಂತೆ ಬಳಸುತ್ತೇವೆ. ಅದರ ಹಿಂದೆ ನಿಂತು ಏನನ್ನಾದರೂ ಅನ್ನಬಹುದೆಂದು ತಿಳಿಯುತ್ತೇವೆ. ಹುಡುಗನ ಕೈ ಒಂದು ಕ್ಷಣ ನಿಂತಿತು. ತಲೆಯೆತ್ತದೆ, “ಬಿಲ್ ಏಕದಾ ವಾಚಾ, ಸಾಹೇಬ” ಎಂದ. ಬಿಲ್ಲನ್ನು ಒಮ್ಮೆ ಓದಿರಿ ಎಂದು. ನಮಗೆ, ಅದೂ ಓದುವುದನ್ನೇ ಕಸುಬು ಮಾಡಿಕೊಂಡ ನಮಗೆ, ಒಬ್ಬ ಪೋರ ಓದಲು ಹೇಳುವುದೆ? ಸಿಟ್ಟಿನಿಂದ ಹೊರಟು ಬಂದೆವು. “ಅಷ್ಟು ಅನಬಾರದಿತ್ತು” ಎಂದು ಮನೆಯವಳು ದಾರಿಯಲ್ಲಿ ಒಂದೇ ಮಾತು ಆಡಿದಳು. ನಾವು ಅದಕ್ಕೆ ಕಿವಿಗೊಡಲಿಲ್ಲ.

ಆ ಅಂಗಡಿಯ ಮೆಟ್ಟಿಲು ಇನ್ನು ತುಳಿಯಬಾರದೆಂದು ಪಣತೊಟ್ಟು, ಯು.ಎಸ್.ಬಿ. ಕಿಂಡಿಗೆ ಚುಚ್ಚುವ ಒಂದು ವೈಫೈ ತುಣುಕನ್ನು ಅಂಚೆಯಲ್ಲಿ ತರಿಸಿದೆವು. ಬೆಲೆ ಐನೂರು, ಗಾತ್ರ ಹೆಬ್ಬೆರಳಿನಷ್ಟು. ಇಷ್ಟು ಚಿಕ್ಕ ವಸ್ತು ತಂತಿಯಿಲ್ಲದೆ ಗೋಡೆಯಾಚೆಯ ಮಾತನ್ನು ಹೇಗೆ ಹಿಡಿಯುತ್ತದೆಂದು ಕೈಯಲ್ಲಿಟ್ಟುಕೊಂಡು ಬೆರಗಾದೆವು. ಅವ್ವನಿಗೆ ಫೋನಿನಲ್ಲಿ ಅದನ್ನು ವರ್ಣಿಸಿದರೆ, “ಅಂದ್ರ ರೇಡಿಯೋ ಅನ್ನು” ಎಂದುಬಿಟ್ಟಳು. ಧಾರವಾಡ ಆಕಾಶವಾಣಿ ಕೇಳುತ್ತ ಹಿಟ್ಟು ನಾದಿದವಳು ಅವಳು. ನಾವು ನಕ್ಕೆವು. ಆಮೇಲೆ ಓದಿ ನೋಡಿದರೆ ಅವಳ ಮಾತೇ ಸರಿ: ವೈಫೈ ಎಂಬುದು ರೇಡಿಯೋ ಅಲೆಯೇ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದುದೂ ಇದೇ ಜಾತಿಯ ಅಲೆಗಳಿಂದ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರವು ‘ಆಕಾಶವಾಣಿ’ ಎಂಬ ಹೆಸರು ಪಡೆದುದೂ, ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಅಂಟಿದುದೂ ಕನ್ನಡಿಗರು ಹೆಮ್ಮೆಪಡುವ ಸಂಗತಿ. ಒಂದು ಕಾಲಕ್ಕೆ ಮನೆಯಲ್ಲಿ ರೇಡಿಯೋ ಇಡಲು ಅಂಚೆ ಕಚೇರಿಗೆ ಹೋಗಿ ಲೈಸೆನ್ಸು ಪಡೆಯಬೇಕಾಗಿತ್ತು. ಇಂದು ಮನೆಮನೆಯಲ್ಲೂ ವೈಫೈ ಇದ್ದು ಯಾರೂ ಲೈಸೆನ್ಸು ಕೇಳುವುದಿಲ್ಲವೆಂದರೆ, ಅದು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಮೆ ಶಕ್ತಿಯ ಸಾಧನಗಳಿಗೆ ಭಾರತ ಸರಕಾರ 2005ರಲ್ಲಿ ವಿನಾಯಿತಿ ಕೊಟ್ಟುದೇ ಕಾರಣ. ಸರಕಾರ ಒಂದು ಅರ್ಜಿಯನ್ನು ಕಡಮೆ ಮಾಡಿತೆಂದರೆ ಗುಮಾಸ್ತನಾದ ನಾವೂ ಕೈ ಮುಗಿಯಬೇಕು.

ಅದಂತಿರಲಿ. ತುಣುಕನ್ನು ಚುಚ್ಚಿದೆವು, ಏನೂ ಆಗಲಿಲ್ಲ. ಅದರ ಡ್ರೈವರನ್ನು ಕೂಡಿಸಬೇಕಂತೆ. ಡ್ರೈವರು ಎಲ್ಲಿದೆ? ಡಬ್ಬಿಯಲ್ಲಿದ್ದ ಒಂದು ಪುಟ್ಟ ಸಿ.ಡಿ.ಯಲ್ಲಿ. ನಮ್ಮ ಕಂಪ್ಯೂಟರಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಹಾಗಾದರೆ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಿರಿ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ಇಂಟರ್‌ನೆಟ್ಟು ಬರಲು ಡ್ರೈವರು ಬೇಕು. ಡ್ರೈವರು ಬರಲು ಇಂಟರ್‌ನೆಟ್ಟು ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಕಂಪ್ಯೂಟರನ್ನು ಕಂಡಿದ್ದರೋ ಏನೋ!

ಈ ಗಂಟನ್ನು ಬಿಡಿಸಿದವರೂ ಕಚೇರಿಯ ಆ ಗೆಳೆಯರೇ. ಮೊಬೈಲಿನ ಚಾರ್ಜಿನ ಕೇಬಲ್ಲನ್ನು ಕಂಪ್ಯೂಟರಿಗೆ ಚುಚ್ಚಿ, ಮೊಬೈಲಿನ ಸೆಟ್ಟಿಂಗಿನಲ್ಲಿ ‘ಯು.ಎಸ್.ಬಿ. ಟೆದರಿಂಗ್’ ಎಂಬುದನ್ನು ಒತ್ತಿದರೆ, ಮೊಬೈಲಿನ ಇಂಟರ್‌ನೆಟ್ಟು ಕೇಬಲ್ಲಿನಲ್ಲಿ ಹರಿದು ಕಂಪ್ಯೂಟರಿಗೆ ಬರುತ್ತದೆ. ಹಾಗೆ ಮಾಡಿ, ತುಣುಕಿನ ಮೇಲೆ ಅಚ್ಚಾದ ಮಾದರಿಯ ಹೆಸರನ್ನೂ, ಅದರ ಪಕ್ಕದ ಆವೃತ್ತಿಯ ಅಂಕಿಯನ್ನೂ ನೋಡಿಕೊಂಡು, ತಯಾರಕರ ತಾಣದಿಂದಲೇ ಡ್ರೈವರು ಇಳಿಸಿದೆವು. ಒಂದೇ ಹೆಸರಿನ ಸಾಧನದಲ್ಲಿ ಆವೃತ್ತಿ ಬದಲಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು; ಆದುದರಿಂದ ಅಂಕಿಯನ್ನು ಅಲಕ್ಷಿಸಬಾರದು. ಯಂತ್ರವನ್ನು ಆರಿಸಿ ಹಚ್ಚಿದೆವು. ಬೀಸಣಿಗೆ ಮೂಡಿತು! ನೆರೆಹೊರೆಯ ವೈಫೈಗಳೆಲ್ಲ ಸಾಲಾಗಿ ಕಂಡುವು, ನಮ್ಮದೂ ಕಂಡಿತು. ಗುಪ್ತಪದವನ್ನು ಬರೆದೆವು. ‘ಸಂಪರ್ಕಿಸಲಾಗಲಿಲ್ಲ’ ಎಂದಿತು. ಹತ್ತು ಸಲ ಬರೆದೆವು, ಹತ್ತು ಸಲವೂ ಅದೇ ಉತ್ತರ.

ಇದರಲ್ಲಿ ಹನ್ನೊಂದು ದಿವಸ ಕಳೆದುವು. ಆ ಕೇಬಲ್ಲನ್ನೇ ಪ್ರತಿ ಸಂಜೆ ಹಚ್ಚಬಹುದಿತ್ತಲ್ಲ ಎಂದು ವಾಚಕರು ಕೇಳಬಹುದು. ಟೆದರಿಂಗಿನ ವಿದ್ಯೆ ನಮಗೆ ತಿಳಿದದ್ದೇ ಹತ್ತನೆಯ ದಿನ. ಅಲ್ಲಿಯವರೆಗೆ ಮೊಬೈಲಿನಲ್ಲಿಯೇ ಪಾಠ ಮಾಡಿಸಲು ನೋಡಿದೆವು. ಕೈಯಲ್ಲಿ ಹಿಡಿದ ಫೋನು ಅಲುಗುತ್ತಿತ್ತು. ಅಜ್ಜಿಯ ಪಾಟಿ ಉಗುರಿನಷ್ಟು ಕಾಣುತ್ತಿತ್ತು. ಅವ್ವನ ಒಂದು ಕಣ್ಣಿಗೆ ಪೊರೆ ಬಂದಿದೆ. “ತಮ್ಮಾ, ಕೂಸಿನ ಅಕ್ಷರ ಇರುವಿ ಹರದಾಡಿದಂಗ ಕಾಣ್ತಾವ. ಆ ದೊಡ್ಡ ಡಬ್ಬಿ ಯಾವಾಗ ನೆಟ್ಟಗ ಆಗ್ತದ?” ಎಂದು ಕೇಳಿದಳು. ಐದು ನಿಮಿಷಕ್ಕೆ ಹುಡುಗ ಎದ್ದು ಆಡಲು ಓಡಿದ. ಆರನೆಯ ದಿನ, “ಆಯಿ, ಇವತ್ತ ಬ್ಯಾಡ” ಎಂದ. ಎಂಟನೆಯ ದಿನ ಅವ್ವನೇ ಫೋನು ಮಾಡಲಿಲ್ಲ. ಒಂದು ವರ್ಷದಿಂದ ಏಳು ಗಂಟೆ ತಪ್ಪಿಸದವಳು ಮಾಡಲಿಲ್ಲ. ನಾವು ಮಾಡಿದರೆ, “ಇರಲಿ ಬಿಡಪಾ, ಸಾಲ್ಯಾಗ ಹೆಂಗೂ ಮರಾಠಿ ಅದ ಅಲ್ಲ” ಎಂದಳು. ಆ ಮಾತು ನಮಗೆ ಗುಡುಗಿಗಿಂತ ಹೆಚ್ಚಾಗಿ ಬಡಿಯಿತು. ಒಂದು ಮನೆಯಲ್ಲಿ ಭಾಷೆ ಹೋಗುವುದು ಯಾವ ಕಾನೂನಿನಿಂದಲೂ ಅಲ್ಲ. ಹೀಗೆ ಒಂದು ಸಂಜೆಯ ‘ಇರಲಿ ಬಿಡು’ ಎಂಬುದರಿಂದ.

ಹನ್ನೆರಡನೆಯ ದಿನ ಭಾನುವಾರ. ಮನೆಯವಳು ಕಪಾಟು ಝಾಡಿಸುತ್ತ ಆ ರಟ್ಟಿನ ಡಬ್ಬಿಯನ್ನು ಇಳಿಸಿದಳು. “ಏನ್ರೀ, ಈ ಎರಡು ಕೊಂಬು ಯಾತರವು?” ಎಂದಳು. ನೋಡುತ್ತೇವೆ: ಕಂಪ್ಯೂಟರಿನ ಬೆನ್ನಿಗೆ ಮೊದಲು ನಿಂತಿದ್ದ ಎರಡು ಕರಿಯ ಕಡ್ಡಿಗಳು, ವೈಫೈ ಆಂಟೆನಾಗಳು. ಅವುಗಳ ಕೆಳಗೆ ಸುಟ್ಟ ತಾಯಿಹಲಗೆ. ಅದರ ಅಂಚಿನಲ್ಲಿ ಆ ಕೊಂಬುಗಳನ್ನು ತಿರುಪುವ ಎರಡು ಹೊಂಬಣ್ಣದ ಮೊಳೆಗಳು, ಒಳಗೆ ಅಂಚೆಚೀಟಿಯಷ್ಟು ಚಿಕ್ಕ ವೈಫೈ ಕಾರ್ಡು, ಹಾಗೆಯೇ ಕುಳಿತಿದ್ದುವು. ವೈಫೈ ಬೇರೆ ವಸ್ತುವೇ ಆಗಿರಲಿಲ್ಲ. ಹಳೆಯ ಹಲಗೆಯಲ್ಲಿಯೇ ಕೂಡಿ ಬಂದಿತ್ತು, ಹಲಗೆಯೊಡನೆಯೇ ಹೋಗಿತ್ತು. ಕಳವಾದ ಮಾಲು ಹನ್ನೊಂದು ದಿವಸ ನಮ್ಮ ಕಪಾಟಿನ ಮೇಲೆಯೇ ಕುಳಿತಿತ್ತು!

ಡಬ್ಬಿಯ ತಳದಲ್ಲಿ ಬಿಲ್ಲು. ಮನೆಯವಳು ಅದನ್ನು ನಿಧಾನವಾಗಿ ಓದಿದಳು. ಹಲಗೆಯ ಹೆಸರು, ಬೆಲೆ, ಅದರ ಕೆಳಗೆ ದುಂಡಗಿನ ಮರಾಠಿ ಅಕ್ಷರಗಳಲ್ಲಿ, ಅಡಿಗೆರೆ ಎಳೆದು, “ವಾಯಫಾಯ ನಾಹೀ.” ಅದರ ಕೆಳಗೆ, “ಜುನಾ ಬೋರ್ಡ ಪರತ ದಿಲಾ”, ಹಳೆಯ ಹಲಗೆಯನ್ನು ಮರಳಿ ಕೊಟ್ಟಿದೆ ಎಂದು.

“ಕೆಳಗ ಸಹೀನೂ ಅದ ನೋಡ್ರಿ” ಎಂದಳು. “ಯಾರದು?” ಎಂದು ಕೇಳುವ ಅಗತ್ಯವಿರಲಿಲ್ಲ.

ಆ ಸಹಿಯನ್ನು ನೋಡುತ್ತ ನಾವು ಎಷ್ಟು ಹೊತ್ತು ಕುಳಿತೆವೋ ತಿಳಿಯದು. ಸೋಮವಾರ ಕಚೇರಿ ಬಿಟ್ಟೊಡನೆ ನೆಟ್ಟಗೆ ಅಂಗಡಿಗೆ ಹೋದೆವು. ಹುಡುಗ ಒಬ್ಬನೇ ಇದ್ದ. ಮರಾಠಿಯಲ್ಲಿ, ತಪ್ಪು ನಮ್ಮದೇ, ಬಿಲ್ಲು ಓದಿರಲಿಲ್ಲ, ಅಂದು ಬಿರುಸಾಗಿ ಮಾತನಾಡಿದೆವು, ಕ್ಷಮಿಸಬೇಕು ಎಂದೆವು. ಕನ್ನಡದಲ್ಲಿ ಆಡಿದ ಮಾತನ್ನು ಹೇಳಲಿಲ್ಲ. ಅದು ಅವನಿಗೆ ತಿಳಿದಿಲ್ಲವಲ್ಲ ಎಂಬ ಲೆಕ್ಕ. ಹುಡುಗ ಸ್ಕ್ರೂಡ್ರೈವರನ್ನು ಕೆಳಗಿಟ್ಟು ನಮ್ಮ ಮುಖ ನೋಡಿದ.

“ಇರಲಿ ಬಿಡ್ರಿ ಸರ. ನಮ್ಮದು ಅಕ್ಕಲಕೋಟಿ ತಾಲೂಕು. ಮನ್ಯಾಗ ನಾವೂ ಕನ್ನಡಾನ ಮಾತಾಡ್ತೀವಿ.”

ನೆಲ ಬಾಯಿಬಿಡಬಾರದೆ ಎನ್ನಿಸಿತು. ಅವನು ಮುಂದುವರಿಸಿದ: “ಇಲ್ಲಿಗೆ ಬಂದು ಎಂಟು ತಿಂಗಳಾತು. ಅಂಗಡ್ಯಾಗ ಯಾರರೆ ಕನ್ನಡ ಮಾತಾಡ್ತಾರೇನೋ ಅಂತ ಕಿವಿ ತೆರಕೊಂಡು ಕೂತಿರ್ತೀನಿ. ಅವತ್ತ ನೀವು ಅಕ್ಕಾರ ಕೂಡ ಮಾತಾಡ್ಲಿಕ್ಕೆ ಬಾಯಿ ತೆಗದಾಗ ಖುಷಿ ಆಗಿತ್ತು. ಕೇಳಿಸಿದ್ದು ಆ ಮಾತು. ಮರಾಠಿಯಾಗ ಬೈದಿದ್ರ ಇಷ್ಟು ಹತ್ತತಿರಲಿಲ್ಲ, ಸರ.”

ನಾವು ಏನು ಹೇಳಬೇಕು? ಕನ್ನಡದಲ್ಲಿ ಇನ್ನೊಮ್ಮೆ, ಈ ಸಲ ಪೂರ್ತಿಯಾಗಿ, ತಪ್ಪೊಪ್ಪಿಕೊಂಡೆವು. ‘ಕಳ್ಳ’ ಎಂದ ಬಾಯಿಂದಲೇ ‘ತಪ್ಪಾಯಿತು ತಮ್ಮಾ’ ಎಂದಾಗ ಧ್ವನಿ ಸ್ವಲ್ಪ ನಡುಗಿತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವನು, “ಚಹಾ ಕುಡೀತೀರೇನ್ರಿ?” ಎಂದ. ಚಹಾ ಮುಗಿದಮೇಲೆ, ಹೊಸ ತುಣುಕಿನ ತಾಪತ್ರಯವನ್ನು ಹೇಳಿದೆವು. “ನಡೀರಿ, ನೋಡೋಣು” ಎಂದು ಅಂಗಡಿಯ ಬಾಗಿಲು ಎಳೆದ.

ಮನೆಗೆ ಬಂದವನು ಯಂತ್ರವನ್ನು ಮುಟ್ಟಲೇ ಇಲ್ಲ. ಮೊಬೈಲಿನಲ್ಲಿ ರೌಟರಿನ ಪುಟವನ್ನು ತೆರೆಯಿಸಿ, “ಸರ, ಬಾಗಿಲದಾಗ ಕಾವಲುಗಾರ ಕೂತಾನ ನೋಡ್ರಿ. ಕೂಡಿಸಿದವರು ಯಾರು?” ಎಂದು ನಕ್ಕ. ಕೂಡಿಸಿದವರು ನಾವೇ. 2022ರ ಬೇಸಗೆಯ ರಜೆಯಲ್ಲಿ ನೆರೆಯ ಮಕ್ಕಳು ಗುಪ್ತಪದ ತಿಳಿದುಕೊಂಡು ಆಟಗಳನ್ನು ಆಡಲಾರಂಭಿಸಿದಾಗ, ಪಟ್ಟಿಯಲ್ಲಿ ಹೆಸರಿದ್ದ ಸಾಧನಗಳನ್ನು ಮಾತ್ರ ಒಳಗೆ ಬಿಡಬೇಕೆಂದು ರೌಟರಿಗೆ ಆಜ್ಞೆ ಮಾಡಿದ್ದೆವು, ಮಾಡಿ ಮರೆತಿದ್ದೆವು. ಪ್ರತಿಯೊಂದು ವೈಫೈ ಸಾಧನಕ್ಕೂ ‘ಮ್ಯಾಕ್ ಅಡ್ರೆಸ್’ ಎಂಬ ಗುರುತಿದೆ. ಸೊನ್ನೆಯಿ೦ದ ಒಂಬತ್ತರವರೆಗಿನ ಅಂಕಿಗಳೂ, ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಸೇರಿ ಒಟ್ಟು 12 ಮನೆ. ಸಾಮಾನ್ಯವಾಗಿ ಮೊದಲ ಆರು ಮನೆ ತಯಾರಕರ ಮನೆತನ, ಉಳಿದ ಆರು ಆ ಸಾಧನದ ಸ್ವಂತ ಹೆಸರು. ಹಳೆಯ ಕಾರ್ಡಿನ ಗುರುತು ಪಟ್ಟಿಯಲ್ಲಿತ್ತು, ಹೊಸ ತುಣುಕಿನದು ಇರಲಿಲ್ಲ. ಯಂತ್ರ ಅದೇ, ಮೇಜು ಅದೇ, ಗುಪ್ತಪದವೂ ಅದೇ. ಆದರೆ ರೌಟರಿನ ಕಣ್ಣಿಗೆ ಬಂದು ನಿಂತವನು ಅಪರಿಚಿತ. ಅರ್ಜಿಯಲ್ಲಿ ಒಂದು ಕಾಲಂ ಹೊಂದದಿದ್ದರೆ ನಾವು ಮಾಡುವುದನ್ನೇ ಅದು ಮಾಡಿತ್ತು!

ಹೊಸ ಗುರುತನ್ನು ಬರೆದುಕೊಳ್ಳುವ ಬದಲು ಹುಡುಗ ಆ ಪಟ್ಟಿಯ ಕಾವಲನ್ನೇ ತೆಗೆದುಹಾಕಿದ. ಮ್ಯಾಕ್ ಗುರುತನ್ನು ನಕಲು ಮಾಡುವುದು ಕಷ್ಟವಲ್ಲ, ಈಗಿನ ಮೊಬೈಲುಗಳು ತಾವಾಗಿಯೇ ಬೇರೆ ಗುರುತು ತೊಟ್ಟು ಬರುತ್ತವೆ, ಅದಕ್ಕಿಂತ ಉದ್ದವಾದ ಹೊಸ ಗುಪ್ತಪದವೇ ಮೇಲಾದ ಕಾವಲು ಎಂದ. ಇನ್ನೊಂದು ಕೆಲಸವನ್ನೂ ಮಾಡಿದ. ತುಣುಕನ್ನು ನಾವು ಕಬ್ಬಿಣದ ಪೆಟ್ಟಿಗೆಯ ಹಿಂದೆ, ನೀಲಿ ಬಣ್ಣದ ಯು.ಎಸ್.ಬಿ. 3.0 ಕಿಂಡಿಯಲ್ಲಿ, ಹಾರ್ಡ್‌ಡಿಸ್ಕಿನ ಮಗ್ಗುಲಿಗೆ ಚುಚ್ಚಿದ್ದೆವು. ಅಲ್ಲಿಂದ ಕಿತ್ತು, ಒಂದು ಮೊಳದ ಕೇಬಲ್ಲು ಕೂಡಿಸಿ, ಮೇಜಿನ ಮೇಲೆ ತಂದಿಟ್ಟ. 2.4 ಗಿಗಾಹರ್ಟ್ಸಿನ ಅಲೆ ಸುಮಾರು 12 ಸೆಂಟಿಮೀಟರು ಉದ್ದದ್ದು. ಕಬ್ಬಿಣದ ತಗಡು ಅದನ್ನು ತಡೆಯುತ್ತದೆ. ಅದೂ ಅಲ್ಲದೆ ಯು.ಎಸ್.ಬಿ. 3.0 ಕೆಲಸ ಮಾಡುವಾಗ ಅದೇ ಪಟ್ಟಿಯಲ್ಲಿ ಗದ್ದಲವನ್ನೆಬ್ಬಿಸುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ತೋರಿಸಿದೆ. ಸಂತೆಯ ನಡುವೆ ನಿಂತು ಪಿಸುಮಾತು ಆಡಿದರೆ ಕೇಳಿಸುವುದೆಂತು?

ಬೀಸಣಿಗೆ ತುಂಬಿ ಬಂತು. ಗಡಿಯಾರ ನೋಡಿದರೆ ಏಳಕ್ಕೆ ಐದು ನಿಮಿಷ. ಮನೆಯವಳು ಅವ್ವನಿಗೆ ಫೋನು ಮಾಡಿ, “ಅತ್ತಿ, ಪಾಟಿ ತಗೋರಿ, ಡಬ್ಬಿ ನೆಟ್ಟಗಾತು” ಎಂದಳು. ಚಿರಂಜೀವಿಯನ್ನು ಅಂಗಳದಿಂದ ಹಿಡಿದು ತಂದೆವು. ಪರದೆಯಲ್ಲಿ ಅವ್ವ ಮೂಡಿದಳು. ಕನ್ನಡಕ ಏರಿಸಿ ಮೊಮ್ಮಗನನ್ನು ನೋಡಿದಳು, ಅವನ ಹಿಂದೆ ನಿಂತವನನ್ನೂ ನೋಡಿದಳು.

“ಅಂವಾ ಯಾರಪಾ?”

“ಅಕ್ಕಲಕೋಟಿ ಕಡೆ ಹುಡುಗ, ಅವ್ವಾ. ಡಬ್ಬಿ ನೆಟ್ಟಗ ಮಾಡಿದಾಂವ.”

“ನಮ್ಮಾಂವನ ಆದ ಹಂಗಾರ. ಕೂಡಪಾ ತಮ್ಮಾ, ಯಾಕ ನಿಂತಿ?”

ಅಕ್ಕಲಕೋಟೆಯ ಸೀಮೆಯಲ್ಲಿ ಕನ್ನಡ ಶಾಲೆಗಳು ಇವೆ. ಆದರೆ ಈ ಹುಡುಗ ಓದಿದ್ದು ಮರಾಠಿ ಶಾಲೆಯಲ್ಲಿ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅದನ್ನು ಅವನು ಮೆಲ್ಲಗೆ ಹೇಳಿದ. ಅವ್ವ ಅದಕ್ಕೆ ಏನೂ ಅನ್ನಲಿಲ್ಲ. ಬಳಪ ಹಿಡಿದು ಪಾಟಿಯ ತುಂಬ ಒಂದು ‘ವ’ ಬರೆದು, ಅದರ ಬುಡದಲ್ಲಿ ಒತ್ತು ಎಳೆದಳು. ಹಿಂದೆ ಒಂದು ‘ಅ’ ಸೇರಿಸಿದಳು. “ಇಬ್ಬರೂ ಬರೀರಿ” ಎಂದಳು.

ನಮ್ಮ ಹುಡುಗನ ಒತ್ತು ಮೊದಲ ಸಲ ದೇವನಾಗರಿಯಂತೆ ಮಗ್ಗುಲಿಗೆ ಹೋಗಿ ನಿಂತಿತು. ಎರಡನೆಯ ಸಲ ಬುಡಕ್ಕೆ ಬಂತು. ಅಂಗಡಿಯ ಹುಡುಗ ಬಿಲ್ಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದ. ಬರೆದು, ಬಹಳ ಹೊತ್ತು ಅದನ್ನೇ ನೋಡಿದ. ಅನಂತರ ಅದರ ಫೋಟೋ ತೆಗೆದು ಯಾರಿಗೋ ಕಳುಹಿಸಿದ. ಯಾರಿಗೆಂದು ನಾವು ಕೇಳಲಿಲ್ಲ.

ಈಗ ವಾರಕ್ಕೆ ಎರಡು ಸಂಜೆ ಅವ್ವನಿಗೆ ಇಬ್ಬರು ಶಿಷ್ಯರು. ದೊಡ್ಡ ಶಿಷ್ಯನಿಗೆ ಅಂಗಡಿಯಲ್ಲಿ ಕೆಲಸ ಹೆಚ್ಚಿದ್ದರೆ ಪಾಠ ಎಂಟು ಗಂಟೆಗೆ ಹೋಗುತ್ತದೆ, ಅವ್ವ ಕಾಯುತ್ತಾಳೆ. ಸುಟ್ಟ ಹಲಗೆ ಕಪಾಟಿನ ಮೇಲೆಯೇ ಇದೆ. ಆ ಬಿಲ್ಲನ್ನು ಮಾತ್ರ ನಾವು ಕಚೇರಿಗೆ ಒಯ್ದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇವೆ. ಅರ್ಜಿಯಲ್ಲಿ ರುಜು ಮರೆತ ಮುದುಕರು ಯಾರಾದರೂ ಮುಂದೆ ಬಂದು ನಿಂತರೆ, ಬಾಯಿಗೆ ಬಂದ ಮಾತು ಅದನ್ನು ನೋಡಿ ಹಿಂದಕ್ಕೆ ಹೋಗುತ್ತದೆ. ಅವರ ಕೈಗೆ ಪೆನ್ನು ಕೊಟ್ಟು, ರುಜು ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸುತ್ತೇವೆ.